ಮೊಬೈಲಿನಲ್ಲಿ ಪೇಟೆ ಧಾರಣೆ: ಸಂಶೋಧನೆಗಳಿಂದ ರೈತರಿಗೆ ಪಾಠ

ಒಳ್ಳೆಯ ಬೆಳೆ ತೆಗೆಯುವುದು ಎಷ್ಟು ಮುಖ್ಯವೋ ಅದನ್ನು ತಕ್ಕ ಬೆಲೆಗೆ ಮಾರುವುದೂ ಅಷ್ಟೇ ಮುಖ್ಯ. ಇಂದು ಪೇಟೆ ಧಾರಣೆ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಧಾರಣೆ ತಿಳಿದ ಮಾತ್ರಕ್ಕೆ ಹೆಚ್ಚು ಹಣ ಕೈಸೇರುವುದೇ? ಈ ಬಗ್ಗೆ ನಡೆದ ಸಂಶೋಧನೆಗಳ ಸಾರವನ್ನು ಇಲ್ಲಿ ಕೊಡಲಾಗಿದೆ.

ಮೀನುಗಾರರ ಅನುಭವ

ಉತ್ತರ ಕೇರಳದ ಕರಾವಳಿಗೆ 1997 ರಿಂದ 2001 ರವರೆಗೆ ಹಂತಹಂತವಾಗಿ ಮೊಬೈಲ್ ಸೇವೆ ಬಂದಿತು. ಅದಕ್ಕೆ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರೆ, 15 ಕಿ.ಮೀ. ಆಚೆಯ ದಡದಲ್ಲಿ ಮೀನಿಲ್ಲದೆ ವ್ಯಾಪಾರಿಗಳು ಬರಿಗೈಯಲ್ಲಿ ಮರಳುವುದಿತ್ತು. ಮೊಬೈಲ್ ಬಂದ ಮೇಲೆ ದೋಣಿಯಿಂದಲೇ ವಿಚಾರಿಸಿ, ಬೇಡಿಕೆಯಿರುವ ದಡಕ್ಕೆ ಹೋಗುವುದು ಸಾಧ್ಯವಾಯಿತು. ರಾಬರ್ಟ್ ಜೆನ್ಸನ್ ಅವರ 2007 ರ ಅಧ್ಯಯನದಂತೆ ಮೀನುಗಾರರ ಲಾಭ ಸರಾಸರಿ ಶೇ. 8 ಹೆಚ್ಚಿತು, ಗ್ರಾಹಕರ ಬೆಲೆ ಶೇ. 4 ಇಳಿಯಿತು.

ಎಲ್ಲೆಡೆ ಒಂದೇ ಫಲವಲ್ಲ

ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ಮೊಬೈಲ್ ಸಂದೇಶದ ಮೂಲಕ ಧಾರಣೆ, ಹವಾಮಾನ ತಿಳಿಸುವ ಪ್ರಯೋಗ ನಡೆಯಿತು. 2012 ರಲ್ಲಿ ಪ್ರಕಟವಾದ ಫಲಿತಾಂಶದಂತೆ ರೈತರಿಗೆ ದೊರೆತ ಬೆಲೆಯಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ.

ಕರ್ನಾಟಕದಲ್ಲಿ 2014 ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯು ಸುದ್ದಿಯ ಜೊತೆಗೆ ಕೊಳ್ಳುವವರನ್ನೂ ಜೋಡಿಸಿತು. ಬೇರೆ ಊರಿನ ವ್ಯಾಪಾರಿಗಳೂ ಕಂಪ್ಯೂಟರ್ ಮೂಲಕ ಬೆಲೆ ಕೂಗಬಹುದಾಯಿತು. 2020 ರ ಒಂದು ಅಧ್ಯಯನದಂತೆ ಇದರಿಂದ ಭತ್ತದ ಧಾರಣೆ ಶೇ. 5.1, ಶೇಂಗಾ ಶೇ. 3.6, ಮೆಕ್ಕೆಜೋಳ ಶೇ. 3.5 ಹೆಚ್ಚಿತು. ಹತ್ತಿ, ಹೆಸರು, ತೊಗರಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದರಿಂದ ತಿಳಿಯುವುದೇನು? ಮೀನುಗಾರ ದೋಣಿ ತಿರುಗಿಸಬಲ್ಲವನಾಗಿದ್ದ. ಮಂಡಿಯಲ್ಲಿ ಮುಂಗಡ ಪಡೆದ ರೈತನಿಗೆ ಗಾಡಿ ತಿರುಗಿಸುವ ಸ್ವಾತಂತ್ರ್ಯವಿರುವುದಿಲ್ಲ. ಸುದ್ದಿಯಷ್ಟೇ ಸಾಲದು, ಅದರಂತೆ ನಡೆಯುವ ಅನುಕೂಲವೂ ಬೇಕು.

ಮುಂದಿನ ದಾರಿ

ಕೀನ್ಯಾದಲ್ಲಿ 2007 ರಲ್ಲಿ ಎಂ-ಪೆಸಾ, ನಮ್ಮಲ್ಲಿ 2016 ರಲ್ಲಿ ಯುಪಿಐ ಬಂದ ಮೇಲೆ ಸಂಶೋಧಕರ ಗಮನ ಹಣ ಪಾವತಿಯತ್ತಲೂ ಹರಿದಿದೆ. ಮಾರಾಟದ ಹಣ ಖಾತೆಗೇ ಬಂದರೆ ಅದೊಂದು ದಾಖಲೆ. ಆ ದಾಖಲೆ ನೋಡಿ ಸಣ್ಣ ರೈತನಿಗೆ ಸಾಲ ಸಿಗುವಂತಾದರೆ ಮುಂಗಡದ ಹಂಗು ತಗ್ಗೀತು. ಮುಂದಿನ ಸಂಶೋಧನೆ ಇದಕ್ಕೆ ಉತ್ತರ ಹುಡುಕಬೇಕಾಗಿದೆ.

ನೀವು ಅನುಸರಿಸಬೇಕಾದ ಕ್ರಮಗಳು

1. ಒಂದು ದಿನದ ಧಾರಣೆ ನಂಬಿ ಹೊರಡಬೇಡಿ. ಎರಡು ಮೂರು ಪೇಟೆಗಳ ಒಂದು ವಾರದ ಧಾರಣೆ ಬರೆದಿಟ್ಟು ಹೋಲಿಸಿ.

2. ಖರ್ಚು ಕಳೆದು ಲೆಕ್ಕ ಹಾಕಿ. ಉದಾಹರಣೆಗೆ, ದೂರದ ಪೇಟೆಯಲ್ಲಿ ಕ್ವಿಂಟಾಲಿಗೆ 120 ರೂ. ಹೆಚ್ಚಿದ್ದರೆ 20 ಕ್ವಿಂಟಾಲಿಗೆ 2,400 ರೂ. ಹೆಚ್ಚುವರಿ ಬಾಡಿಗೆ 1,800, ಹಮಾಲಿ ಮತ್ತಿತರ ಖರ್ಚು 400 ಆದರೆ ಉಳಿಯುವುದು ಕೇವಲ 200 ರೂ. ನೆರೆಯವರೊಡನೆ ಕೂಡಿ ಒಂದೇ ಲಾರಿಯಲ್ಲಿ ಸಾಗಿಸಿದರೆ ಈ ಉಳಿತಾಯ ಹೆಚ್ಚುತ್ತದೆ.

3. ಕಾಳನ್ನು ಚೆನ್ನಾಗಿ ಒಣಗಿಸಿ, ಹಸನು ಮಾಡಿ ಒಯ್ಯಿರಿ. ಮೊಬೈಲಿನಲ್ಲಿ ಕಾಣುವ ಮೇಲ್ಧಾರಣೆ ಉತ್ತಮ ದರ್ಜೆಯ ಮಾಲಿಗೆ ಮಾತ್ರ.

4. ಹಣ ಪಡೆಯಲು ಗುಪ್ತ ಸಂಖ್ಯೆ ಒತ್ತಬೇಕಾಗಿಲ್ಲ. ಯಾರಾದರೂ ಹಾಗೆ ಒತ್ತಲು ಹೇಳಿದರೆ ಅದು ಮೋಸವೆಂದು ತಿಳಿಯಿರಿ.