ನಿಯಮಕ್ಕೆ ಮೊದಲು ಗಡಿಯಾರ

ನೋಡಪ್ಪಾ, ಲ್ಯಾಬಿನ ಇಂಟರ್ನೆಟ್ ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಮಾತ್ರ ಇರಲಿ ಎಂದು ಪ್ರಿನ್ಸಿಪಾಲರು ಅಂದರೆ ಸಾಕು, ನಿನ್ನ ಬೆರಳು ಕೀಬೋರ್ಡಿನ ಮೇಲೆ ಓಡತೊಡಗುತ್ತದೆ. ಸಿಸ್ಕೋ ಸ್ವಿಚ್ಚಿನಲ್ಲಿ ಅದೇನೂ ದೊಡ್ಡ ಕೆಲಸವಲ್ಲ. ಟೈಮ್-ರೇಂಜ್‌ಗೊಂದು ಹೆಸರಿಟ್ಟು ಅದರೊಳಗೆ ವೇಳೆ ಬರೆಯುವುದು, ಆ ಹೆಸರನ್ನು ಆಕ್ಸೆಸ್ ಲಿಸ್ಟಿನ ಸಾಲಿಗೆ ಸೇರಿಸುವುದು, ಲಿಸ್ಟನ್ನು ಪೋರ್ಟಿಗೆ ಹಚ್ಚುವುದು, ಅಷ್ಟೇ. ಆದರೆ ಅದೆಲ್ಲಕ್ಕೂ ಮೊದಲು ‘ಶೋ ಕ್ಲಾಕ್’ ಅಂತ ಹೊಡೆದು ನೋಡು. ಬಂದ ಉತ್ತರದ ಮುಂದೆ ನಕ್ಷತ್ರದ ಗುರುತಿದ್ದರೆ, ಆ ಸಮಯವನ್ನು ನಂಬಬೇಡ ಎಂದು ಸ್ವಿಚ್ಚೇ ಹೇಳುತ್ತಿದೆ.

ಹಳೆಯ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಅನೇಕಕ್ಕೆ ಗಡಿಯಾರ ಕಾಯುವ ಬ್ಯಾಟರಿಯೇ ಇಲ್ಲ. ಕರೆಂಟ್ ಹೋಗಿ ಬಂದರೆ ಅವು 1993ರ ಮಾರ್ಚ್ 1ರ ನಡುರಾತ್ರಿಯಿಂದ ಎಣಿಸಲು ಶುರುಮಾಡುತ್ತವೆ. ಅಂದು ಸೋಮವಾರ, ಹಾಗಾಗಿ ವಾರದ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣಬಹುದು. ಆದರೆ ಕರೆಂಟ್ ಬಂದದ್ದು ಬೆಳಿಗ್ಗೆ ಹತ್ತಕ್ಕಾಗಿ, ಟೈಮ್‌ಝೋನ್ ಕೂಡ ಹಾಕಿರದಿದ್ದರೆ, ಸ್ವಿಚ್ಚಿಗೆ ಒಂಬತ್ತು ಹೊಡೆಯುವುದು ನಮ್ಮ ಸಂಜೆ ಏಳಕ್ಕೆ. ಹುಡುಗರು ದಿನವಿಡೀ ಕಾದು ಮನೆಗೆ ಹೋದ ಮೇಲೆ ಲ್ಯಾಬಿಗೆ ಇಂಟರ್ನೆಟ್ ಬರುತ್ತದೆ.

ಅದಕ್ಕೇ ನೆಟ್‌ವರ್ಕಿನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಹೊಂದಿಸು, ಟೈಮ್‌ಝೋನ್ 5 30 ಎಂದು ಹಾಕು. ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರಿಗೆ ಗಡಿಯಾರ ಕೂಡಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲೇ ಹೇಳಿದೆ. ಅಪ್‌ಲಿಂಕಿಗೆ ಲಿಸ್ಟ್ ಹಚ್ಚುವುದಾದರೆ ಎನ್‌ಟಿಪಿಯ ಯುಡಿಪಿ 123ಕ್ಕೆ ದಾರಿ ಬಿಡುವುದನ್ನು ಮರೆಯಬೇಡ. ಮರೆತರೆ ನೀನು ಬರೆದ ನಿಯಮವೇ ತನ್ನ ಗಡಿಯಾರದ ಕತ್ತು ಹಿಸುಕುತ್ತದೆ.

ಇನ್ನು ವೇಳೆಯ ಮಾತು. ‘ವೀಕ್‌ಡೇಸ್’ ಎಂದರೆ ಸ್ವಿಚ್ಚಿಗೆ ಸೋಮವಾರದಿಂದ ಶುಕ್ರವಾರ. ನಮ್ಮ ಶನಿವಾರಕ್ಕೆ ಇನ್ನೊಂದು ‘ಪೀರಿಯಾಡಿಕ್’ ಸಾಲು ಬೇಕು. ಎರಡನೇ ಶನಿವಾರ ರಜೆ ಎಂಬುದು ಆ ಸಾಲಿಗೆ ತಿಳಿಯುವುದಿಲ್ಲ, ಅದನ್ನು ಪ್ರಿನ್ಸಿಪಾಲರಿಗೆ ಮೊದಲೇ ಹೇಳಿಬಿಡು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ನಿಯಮವಾದರೆ ನಡುರಾತ್ರಿಯಲ್ಲಿ ಕತ್ತರಿಸಿ ಎರಡು ಸಾಲಾಗಿ ಬರೆ. ನಾಳೆ ಓದುವವನಿಗೂ ಗೊಂದಲವಿರುವುದಿಲ್ಲ.

ಹೊಸಬರು ಎಡವುವುದು ಮುಂದಿನ ಮಾತಿನಲ್ಲಿ. ವೇಳೆ ಮುಗಿದ ಸಾಲು ತಿರುಗುಮುರುಗಾಗುವುದಿಲ್ಲ, ಇಲ್ಲವೇ ಇಲ್ಲವೆಂಬಂತೆ ಆಗುತ್ತದೆ. ಪ್ಯಾಕೆಟ್ ಅದನ್ನು ದಾಟಿ ಕೆಳಗಿನ ಸಾಲಿಗೆ ಇಳಿಯುತ್ತದೆ, ಎಲ್ಲೂ ಹೊಂದದಿದ್ದರೆ ಕೊನೆಗೆ ಕಣ್ಣಿಗೆ ಕಾಣದ ‘ಡಿನೈ’ಗೆ ಬೀಳುತ್ತದೆ. ಹಗಲಿಗೆ ‘ಪರ್ಮಿಟ್’ ಬರೆದು ಸುಮ್ಮನಾದರೆ ಗಡಿಯಾರ ಕೆಟ್ಟ ದಿನ ಬಾಗಿಲು ಮುಚ್ಚಿಕೊಳ್ಳಬಹುದು. ರಾತ್ರಿಗೆ ‘ಡಿನೈ’ ಬರೆದು ಕೆಳಗೆ ಎಲ್ಲರಿಗೂ ‘ಪರ್ಮಿಟ್’ ಕೊಟ್ಟರೆ ಅಂಥದೇ ದಿನ ರಾತ್ರಿಯೂ ತೆರೆದೇ ಇರಬಹುದು. ಲ್ಯಾಬಿಗೆ ಎರಡನೆಯದನ್ನು ಸಹಿಸಿಕೊಳ್ಳಬಹುದು, ಪರೀಕ್ಷಾ ವಿಭಾಗದ ಸರ್ವರಿಗೆ ಸಲ್ಲದು. ಕೆಟ್ಟಾಗ ಯಾವ ಕಡೆಗೆ ಬೀಳಬೇಕು ಎಂಬುದನ್ನು ತೀರ್ಮಾನಿಸಿಕೊಂಡ ಮೇಲೆಯೇ ಮೊದಲ ಸಾಲು ಬರೆ.

ದೂರದಿಂದ ಕೆಲಸ ಮಾಡುವಾಗ ಮೊದಲು ‘ರೀಲೋಡ್ ಇನ್ 10’ ಕೊಡು, ಆಮೇಲೆ ಲಿಸ್ಟ್ ಹಚ್ಚು. ಕಾನ್ಫಿಗರೇಷನ್ ಸೇವ್ ಮಾಡಬೇಡ. ನೀನೇ ಹೊರಗೆ ಸಿಕ್ಕಿಬಿದ್ದರೂ ಹತ್ತು ನಿಮಿಷಕ್ಕೆ ಸ್ವಿಚ್ ಹಳೆಯ ಸ್ಥಿತಿಗೆ ಮರಳುತ್ತದೆ. ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’ ಹೇಳಿ ಸೇವ್ ಮಾಡು. ಯಾರು ಕೇಳಿದರು, ಯಾಕೆ ಕೇಳಿದರು ಎಂಬುದನ್ನು ‘ರಿಮಾರ್ಕ್’ ಸಾಲಿನಲ್ಲಿ ಬರೆದಿಡು. ಹೊರಗಿನ ಕಂಟ್ರಾಕ್ಟರಿಗೆ ನಾಲ್ಕು ದಿನದ ಪ್ರವೇಶ ಕೊಡುವುದಾದರೆ ‘ಅಬ್ಸಲ್ಯೂಟ್’ ಹಾಕಿ ಮುಗಿಯುವ ತಾರೀಖನ್ನು ಅವತ್ತೇ ನಮೂದಿಸು. ತೆಗೆಯಲು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಕೊನೆಯದಾಗಿ, ಐದು ಗಂಟೆಯ ನಿಯಮ ಬರೆದವನು ನಾಲ್ಕು ಮುಕ್ಕಾಲಿಗೆ ಬ್ಯಾಗ್ ಹೆಗಲಿಗೇರಿಸಬಾರದು. ಐದು ದಾಟುವವರೆಗೆ ಕೂತಿರು. ‘ಶೋ ಆಕ್ಸೆಸ್-ಲಿಸ್ಟ್ಸ್’ನಲ್ಲಿ ಹಗಲಿನ ‘ಪರ್ಮಿಟ್’ ಸಾಲಿನ ಮುಂದೆ ‘ಇನ್‌ಆಕ್ಟಿವ್’ (ರಾತ್ರಿಯ ‘ಡಿನೈ’ ಆದರೆ ‘ಆಕ್ಟಿವ್’) ಎಂದು ಬಂತೇ, ಲ್ಯಾಬಿನ ಒಂದು ಯಂತ್ರದಲ್ಲಿ ನಿಜಕ್ಕೂ ಪುಟ ತೆರೆಯದಾಯಿತೇ, ಎರಡನ್ನೂ ನೋಡಿಕೊಂಡು ಹೊರಡು.