ಕೊಳಾಯಿಯ ಹನಿ

ಬೆಂಗಳೂರಿನ ವಾಚಕ ಮಹಾಶಯರೆ, ನಿಮ್ಮ ಅಡಿಗೆಮನೆಯ ಕೊಳಾಯಿಯಲ್ಲಿ ಇಳಿಯುವ ಕಾವೇರಿಯು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಯಂತ್ರಬಲದಿಂದ ಮೇಲಕ್ಕೆತ್ತಲ್ಪಟ್ಟು, ಸುಮಾರು 100 ಕಿಲೋಮೀಟರು ದೂರವನ್ನು ಕ್ರಮಿಸಿ, 500 ಮೀಟರಿನಷ್ಟು ಎತ್ತರವನ್ನೇರಿ ಬಂದುದೆಂದು ಬಲ್ಲವರಿಗೆ, ಅದನ್ನು ಪೋಲುಮಾಡುವುದೆಂದರೆ ನೀರಿನೊಡನೆ ವಿದ್ಯುಚ್ಛಕ್ತಿಯನ್ನೂ ಚರಂಡಿಗೆ ಸುರಿದಂತೆಯೇ ಸರಿ ಎಂಬುದು ತಾನಾಗಿ ಹೊಳೆದೀತು. ಸೆಕೆಂಡಿಗೊಂದರಂತೆ ತೊಟ್ಟಿಕ್ಕುವ ಹನಿ ದಿನವೊಂದಕ್ಕೆ ಸುಮಾರು 20 ಲೀಟರಾಗುವುದು. ಅದಕ್ಕೆ ಮದ್ದು, ಬಹುಮಟ್ಟಿಗೆ, ಸವೆದ ವಾಷರನ್ನು ಬದಲಿಸುವುದಷ್ಟೆ. (ಕೊಳಾಯಿಯನ್ನು ಇನ್ನಷ್ಟು ಬಿಗಿಯಾಗಿ ತಿರುಚುವ ನಮ್ಮ ಪರಾಕ್ರಮದಿಂದ ವಾಷರು ಬೇಗ ಸವೆಯುವುದೇ ಹೊರತು ಬೇರೆ ಲಾಭವಿಲ್ಲ.) ಇನ್ನು ಆರ್‌ಒ ಎಂಬ ಶೋಧಕಯಂತ್ರವು ಕುಡಿಯಲು ಕೊಡುವುದಕ್ಕಿಂತ ಹೆಚ್ಚು ನೀರನ್ನು ಸಾಮಾನ್ಯವಾಗಿ ಹೊರಚೆಲ್ಲುವುದರಿಂದ, ಆ ಯಂತ್ರದ ಹೊರನಳಿಕೆಯ ಬಾಯಿಗೆ ಬಕೀಟೊಂದನ್ನಿಟ್ಟು, ಸಂಗ್ರಹವಾದುದನ್ನು ನೆಲ ಒರಸಲೂ ಶೌಚಗೃಹ ತೊಳೆಯಲೂ ಬಳಸತಕ್ಕದ್ದು; ಲವಣಾಂಶ ಅಧಿಕವಾದ ಕಾರಣ ಗಿಡಗಳಿಗೆ ಅದನ್ನು ನಿತ್ಯವೂ ಎರೆಯಲಾಗದು. ಕರಿಬೇವಿಗೆ ಅಕ್ಕಿ ತೊಳೆದ ನೀರೇ ಪರಮಾನ್ನ. ಕಾರು ತೊಳೆಯಲು ಪೈಪು ಹಿಡಿದು ನಿಲ್ಲುವ ಮಹನೀಯರಿಗೆ ಒದ್ದೆ ಬಟ್ಟೆಯೊಂದೂ ಅರ್ಧ ಬಕೀಟು ನೀರೂ ಸಾಲವೆಂದರೆ ನಾನಂತೂ ನಂಬಲಾರೆ.