ತೆಂಗಿನ ತೋಟದಲ್ಲಿ 'ಅಗತ್ಯ ಕೆಲಸ' ಯಾವುದು? ಲಾಕ್‌ಡೌನ್ ಕಲಿಸಿದ ಪಾಠ



2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಕೇಂದ್ರದ ಮೊದಲ ಆದೇಶದಲ್ಲಿ ಹಾಲು, ರೇಷನ್, ಔಷಧಿಗೆ ವಿನಾಯಿತಿ ಇತ್ತು. ಹೊಲ-ತೋಟದ ಕೆಲಸ ಮತ್ತು ಎಪಿಎಂಸಿ ಮಂಡಿ ಸೇರಿದ್ದು ಮಾರ್ಚ್ 27ಕ್ಕೆ. ಕೃಷಿ ಯಂತ್ರಗಳ ಬಿಡಿಭಾಗದ ಅಂಗಡಿ, ರಿಪೇರಿ ಸೇರಿದ್ದು ಏಪ್ರಿಲ್ ಮೊದಲ ವಾರ. ತೆಂಗಿನ ಕೊಯ್ಲು, ಸಂಸ್ಕರಣೆ, ಮಾರಾಟ ಅಂತ ಹೆಸರು ಹಿಡಿದು ಬರೆದದ್ದು ಏಪ್ರಿಲ್ 16ಕ್ಕೆ!

ಶೆಟ್ಟಿಕೆರೆ, ತಿಪಟೂರು, ತುರುವೇಕೆರೆ ಭಾಗದ ನಮಗೆ ಇದರಲ್ಲಿ ಪಾಠ ಇದೆ. ಅಗತ್ಯ ಯಾವುದು ಅಂತ ತಿಳಿಯೋಕೆ ಒಂದೇ ಪ್ರಶ್ನೆ ಕೇಳಿ: ಈ ಕೆಲಸ ಎಷ್ಟು ದಿನ ತಡೆಯುತ್ತೆ?

• ಹಾಲು: ಒಂದು ಹೊತ್ತೂ ತಡೆಯಲ್ಲ.
• ನೀರು: ಬೇಸಿಗೆಯಲ್ಲಿ ಮೋಟಾರ್ ಸುಟ್ಟು ನೀರು ನಿಂತರೆ ಹರಳು ಉದುರುತ್ತೆ. ಹರಳು ಬಲಿಯೋಕೆ ಸುಮಾರು ಒಂದು ವರ್ಷ ಬೇಕು, ಹಾಗಾಗಿ ನಷ್ಟ ಕಾಣೋದು ಮುಂದಿನ ವರ್ಷ. ವೈಂಡಿಂಗ್ ಮಾಡೋರೂ ಅಗತ್ಯದವರೇ.
• ಎಳನೀರು: ಕೆಲವು ವಾರ ತಪ್ಪಿದರೆ ತಿರುಳು ಗಟ್ಟಿಯಾಗಿ ಆ ವ್ಯಾಪಾರ ಹೋಯ್ತು.
• ಬಲಿತ ಕಾಯಿ: ಸ್ವಲ್ಪ ತಡೆಯುತ್ತೆ. ಆಮೇಲೆ ತಾನೇ ಉದುರಿ, ನೆಲದಲ್ಲಿ ಮೊಳಕೆ ಒಡೆಯುತ್ತೆ.
• ಕೊಬ್ಬರಿ: ಅಟ್ಟದಲ್ಲಿ 8ರಿಂದ 12 ತಿಂಗಳು ಇಟ್ಟೇ ಉಂಡೆ ಕೊಬ್ಬರಿ ಮಾಡ್ತೀವಿ. ಸುಲಿಯೋದು ಇನ್ನೊಂದು ತಿಂಗಳು ತಡೆದೀತು.

ಆದರೆ ಇಲ್ಲೇ ಎಡವುತ್ತೀವಿ. ಕೊಬ್ಬರಿ ತಡೆಯುತ್ತೆ, ಅದನ್ನು ಸುಲಿಯೋರ ಮನೆ ಒಲೆ ತಡೆಯಲ್ಲ. ಅಟ್ಟದಲ್ಲಿ ಕಾಯಿ ಇರೋನಿಗೆ ಅದೇ ಉಳಿತಾಯ. ಮರ ಹತ್ತೋರಿಗೆ, ಕಾಯಿ ಸುಲಿಯೋರಿಗೆ, ನಾರಿನ ಕೆಲಸದವರಿಗೆ ದಿನಗೂಲಿ ಬಿಟ್ಟರೆ ಬೇರೆ ಅಟ್ಟ ಇಲ್ಲ. 'ನಿಮ್ಮ ಕೆಲಸ ಅಗತ್ಯ' ಅಂತ ಕರೆದ ಮೇಲೆ ಮಾಸ್ಕು, ಸೋಪು, ದೂರ ನಿಲ್ಲೋ ಜಾಗ ಕೊಡೋದು ನಮ್ಮ ಹೊಣೆ. 'ಅಗತ್ಯ ಅಲ್ಲ' ಅಂತ ನಿಲ್ಲಿಸಿದರೆ ಮುಂಗಡ ಕೂಲಿ ಕೊಡೋದೂ ನಮ್ಮದೇ.

ಈಗಲೇ ಮಾಡಿಕೊಳ್ಳಿ:

1. ಪಹಣಿ, ಎಫ್‌ಐಡಿ ಸಂಖ್ಯೆ, ಆಧಾರ್ ಫೋಟೋ ಫೋನಿನಲ್ಲಿ ಇರಲಿ. ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸಬಹುದು.
2. ಮರ ಹತ್ತೋರು, ಮೋಟಾರ್ ರಿಪೇರಿಯವರು, ಗಾಡಿಯವರು, ಹೀಗೆ ಪ್ರತಿ ಕೆಲಸಕ್ಕೂ ಇಬ್ಬರ ನಂಬರ್ ಬರೆದಿಡಿ.
3. ಮರ ಹತ್ತೋರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ಬಗ್ಗೆ ತಿಳಿಸಿ, ಅರ್ಜಿ ಹಾಕಿಸಿ. ಇದು ಅಪಘಾತಕ್ಕೆ ಮಾತ್ರ, ಕಾಯಿಲೆಗೆ ಅಲ್ಲ ಅನ್ನೋದನ್ನೂ ಹೇಳಿ.
4. ಕಷ್ಟಕಾಲಕ್ಕೆ ಅಂತ ಸ್ವಲ್ಪ ಕೂಲಿ ಹಣ ತೆಗೆದಿಡಿ.

ಸರ್ಕಾರದ ಪಟ್ಟಿ ತಡವಾಗಿ ಬರಬಹುದು. ನಿಮ್ಮ ತೋಟದ ಪಟ್ಟಿ ಇವತ್ತೇ ಬರೆದಿಡಿ.